ಸರಾಸರಿ ಮತ್ತು ಹರಹು

ಒಂದು ದಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ರೆಕಾರ್ಡ್ ಪುಸ್ತಕವನ್ನು ರುಜುವಿಗಾಗಿ ನನ್ನ ಮುಂದಿಟ್ಟನು. ಸುಮಾರು ಒಂದು ಮೀಟರ್ ಉದ್ದದ ಲೋಲಕವು 20 ಆಂದೋಲನಗಳಿಗೆ ತೆಗೆದುಕೊಳ್ಳುವ ಕಾಲವನ್ನು ಅವನು ಐದು ಸಲ ಅಳೆದಿದ್ದನು. ಅವುಗಳಲ್ಲಿ ಎರಡು ಅಂಕೆಗಳನ್ನು ರಬ್ಬರಿನಿಂದ ಅಳಿಸಿ ಬೇರೆ ಅಂಕೆಗಳನ್ನು ಬರೆದ ಗುರುತು ಕಾಗದದ ಮೇಲೆ ಎದ್ದು ಕಾಣುತ್ತಿತ್ತು. ಏಕೆಂದು ಕೇಳಿದೆ. “ಸರಾಸರಿ ಬದಲಾಗದ ಹಾಗೆಯೇ ತಿದ್ದಿದ್ದೇನೆ ಸಾರ್, ಉತ್ತರ ಸರಿಯಾಗಿಯೇ ಇದೆ” ಎಂದನು. ಸರಾಸರಿಯೊಂದನ್ನು ಉಳಿಸಿಕೊಂಡರೆ ಸತ್ಯವನ್ನೆಲ್ಲ ಉಳಿಸಿಕೊಂಡಂತೆ ಎಂದು ಅವನ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಮಾಡೋಣ.

ಒಂದೇ ಲೋಲಕವನ್ನು ಇಬ್ಬರು ವಿದ್ಯಾರ್ಥಿಗಳು ಪರೀಕ್ಷಿಸಿದರೆನ್ನೋಣ. ಅವರಿಗೆ ದೊರೆತ ಬೆಲೆಗಳು, ಸೆಕೆಂಡುಗಳಲ್ಲಿ, ಹೀಗಿವೆ:

ಮೊದಲನೆಯವನು: 40.1, 39.9, 40.0, 40.2, 39.8
ಎರಡನೆಯವನು: 38.4, 41.5, 40.3, 39.2, 40.6

ಎರಡು ಸಾಲುಗಳಲ್ಲಿಯೂ ಮೊತ್ತ 200, ಸರಾಸರಿ 40.0. ಆದರೂ ಯಾರ ಅಳತೆಯನ್ನು ಹೆಚ್ಚು ನಂಬಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮೊದಲನೆಯವನ ಬೆಲೆಗಳು ಒತ್ತೊತ್ತಾಗಿವೆ, ಎರಡನೆಯವನವು ಚೆದರಿವೆ. ಈ ಚೆದರಿಕೆಯನ್ನೇ ಹರಹು ಎನ್ನುತ್ತೇವೆ. ಅದನ್ನು ಅಳೆಯುವ ಅತಿ ಸುಲಭವಾದ ವಿಧಾನವೆಂದರೆ ಗರಿಷ್ಠ ಬೆಲೆಯಿಂದ ಕನಿಷ್ಠ ಬೆಲೆಯನ್ನು ಕಳೆಯುವುದು. ಹೀಗೆ ದೊರೆಯುವ ವ್ಯಾಪ್ತಿಯು ಮೊದಲನೆಯವನಿಗೆ 0.4, ಎರಡನೆಯವನಿಗೆ 3.1.

ಆದರೆ ವ್ಯಾಪ್ತಿಯು ತುದಿಯ ಎರಡು ಬೆಲೆಗಳನ್ನು ಮಾತ್ರ ಗಮನಿಸುತ್ತದೆ. ಎಲ್ಲ ಬೆಲೆಗಳಿಗೂ ಪಾಲು ದೊರೆಯಬೇಕಾದರೆ ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನು, ಎಂದರೆ ಅದರ ವಿಚಲನೆಯನ್ನು, ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಚಲನೆಗಳನ್ನು ಹಾಗೆಯೇ ಕೂಡಿದರೆ ಧನವೂ ಋಣವೂ ಒಂದನ್ನೊಂದು ಅಳಿಸಿ ಮೊತ್ತ ಯಾವಾಗಲೂ ಸೊನ್ನೆಯಾಗುತ್ತದೆ. ಆದುದರಿಂದ ಅವುಗಳ ವರ್ಗಗಳ ಸರಾಸರಿಯನ್ನು ಕಂಡುಹಿಡಿದು, ಅದರ ವರ್ಗಮೂಲವನ್ನು ತೆಗೆಯುತ್ತೇವೆ. ಇದೇ ಮಾನಕ ವಿಚಲನೆ. ಮೊದಲನೆಯವನ ವಿಚಲನೆಗಳ ವರ್ಗಗಳ ಮೊತ್ತ 0.10, ಐದರಿಂದ ಭಾಗಿಸಿದರೆ 0.02, ಅದರ ವರ್ಗಮೂಲ ಸುಮಾರು 0.14 ಸೆಕೆಂಡು. ಎರಡನೆಯವನದು ಇದೇ ಕ್ರಮದಲ್ಲಿ ಸುಮಾರು 1.09 ಸೆಕೆಂಡು. ವಾಚಕರು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. ಉತ್ತರವು ಭೌತವಿಜ್ಞಾನದ ಇತಿಹಾಸದಲ್ಲಿಯೇ ಇದೆ.

ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಎಂಬ ವಿಜ್ಞಾನಿಯು ಅನಿಲಗಳ ಸಾಂದ್ರತೆಯನ್ನು ನಿಷ್ಕೃಷ್ಟವಾಗಿ ಅಳೆಯುವ ಕಾರ್ಯದಲ್ಲಿ ತೊಡಗಿದ್ದನು. ಗಾಜಿನ ಗೋಳವೊಂದರಲ್ಲಿ ಸಾರಜನಕವನ್ನು ತುಂಬಿ ತೂಗುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಗಾಳಿಯಿಂದ ಆಮ್ಲಜನಕವನ್ನು ತೆಗೆದುಹಾಕಿ ಪಡೆದ ಸಾರಜನಕಕ್ಕಿಂತ, ಅಮೋನಿಯದ ನೆರವಿನಿಂದ ಪಡೆದ ಸಾರಜನಕವು ಸಾವಿರದಲ್ಲಿ ಒಂದು ಪಾಲಿನಷ್ಟು ಹಗುರವಾಗಿತ್ತು. ಇಷ್ಟು ಅಲ್ಪವಾದ ಅಂತರವನ್ನು ನಮ್ಮ ವಿದ್ಯಾರ್ಥಿಯಾಗಿದ್ದರೆ ರಬ್ಬರಿನಿಂದ ಸರಿಪಡಿಸುತ್ತಿದ್ದನು. ರ‍್ಯಾಲೆಯು 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಇದರ ಕಾರಣವನ್ನು ತಿಳಿಸಬಲ್ಲವರುಂಟೆ ಎಂದು ಓದುಗರನ್ನೇ ಕೇಳಿದನು. ಅಷ್ಟೇ ಅಲ್ಲ, ಅಂತರವನ್ನು ಮುಚ್ಚುವುದರ ಬದಲು ಹಿಗ್ಗಿಸಲು ಯತ್ನಿಸಿದನು. ಆ ಮೊದಲ ಪ್ರಯೋಗದಲ್ಲಿ ಅಮೋನಿಯದೊಡನೆ ಗಾಳಿಯೂ ಸೇರಿತ್ತು. ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಬಳಸಿ, ಸಾರಜನಕವೆಲ್ಲ ಅಮೋನಿಯದಿಂದಲೇ ಬರುವಂತೆ ಮಾಡಿದಾಗ ಅಂತರವು ಇನ್ನೂರರಲ್ಲಿ ಒಂದು ಪಾಲಿಗೆ ಏರಿತು.

ಅವನು 1894ರಲ್ಲಿ ಪ್ರಕಟಿಸಿದ ತೂಕಗಳನ್ನು ನೋಡೋಣ. ಗಾಳಿಯಿಂದ ಪಡೆದ ಅನಿಲದ ಏಳು ತೂಕಗಳು 2.30986 ಗ್ರಾಮಿನಿಂದ 2.31028 ಗ್ರಾಮಿನವರೆಗೆ ಇದ್ದವು, ಸರಾಸರಿ 2.31011. ರಾಸಾಯನಿಕ ಸಂಯುಕ್ತಗಳಿಂದ ಪಡೆದ ಅನಿಲದ ಎಂಟು ತೂಕಗಳು 2.29816ರಿಂದ 2.30182ರವರೆಗೆ ಇದ್ದವು, ಸರಾಸರಿ 2.29947. ಸರಾಸರಿಗಳ ಅಂತರ 0.01064 ಗ್ರಾಂ ಮಾತ್ರ. ಇದು ದೊಡ್ಡದೆ, ಚಿಕ್ಕದೆ? ಸರಾಸರಿಗಳನ್ನಷ್ಟೇ ನೋಡಿದರೆ ಹೇಳುವಂತಿಲ್ಲ. ಮೊದಲ ಗುಂಪಿನ ಮಾನಕ ವಿಚಲನೆ ಸುಮಾರು 0.00013, ಎರಡನೆಯದರದು ಸುಮಾರು 0.0013 ಗ್ರಾಂ. ಹರಹು ಹೆಚ್ಚಾಗಿರುವ ಗುಂಪಿನೊಡನೆ ಹೋಲಿಸಿದರೂ ಅಂತರವು ಮಾನಕ ವಿಚಲನೆಯ ಎಂಟು ಪಟ್ಟು! ಕೈತಪ್ಪಿನಿಂದಲೋ ತ್ರಾಸಿನ ಅಲುಗಾಟದಿಂದಲೋ ಇಂತಹ ಅಂತರ ಹುಟ್ಟಲಾರದು.

ಹದಿನೈದು ತೂಕಗಳನ್ನೂ ಒಟ್ಟುಗೂಡಿಸಿ ಸರಾಸರಿ ತೆಗೆದಿದ್ದರೆ ಏನಾಗುತ್ತಿತ್ತು? 2.30444 ಎಂಬ ಬೆಲೆ ಬರುತ್ತಿತ್ತು. ಅದರ ಸಮೀಪದಲ್ಲಿ ಒಂದು ತೂಕವೂ ಇಲ್ಲ! ಎರಡು ಗುಂಪುಗಳ ನಡುವಿನ ಬರಿದಾದ ಜಾಗದಲ್ಲಿ ಬೀಳುವ ಆ ಸಂಖ್ಯೆಯು ಯಾವ ಅನಿಲಕ್ಕೂ ಸೇರಿದುದಲ್ಲ. ಅದರ ಕೆಳಗೆ ಒಂದು ಮಹತ್ತರ ಶೋಧವು ಹೂತುಹೋಗುತ್ತಿತ್ತು.

ಆ ಶೋಧವೇ ಆರ್ಗಾನ್. ಗಾಳಿಯಿಂದ ಪಡೆದ “ಸಾರಜನಕ”ದಲ್ಲಿ ಅದಕ್ಕಿಂತ ಭಾರವಾದ, ಯಾವುದರೊಡನೆಯೂ ಸಂಯೋಗ ಹೊಂದಲೊಲ್ಲದ ಅನಿಲವೊಂದು ಬೆರೆತಿತ್ತು. ರ‍್ಯಾಲೆಯೂ ವಿಲಿಯಂ ರ‍್ಯಾಮ್ಸೆಯೂ 1894ರ ಆಗಸ್ಟ್‌ನಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ನಾವು ಉಸಿರಾಡುವ ಒಣಗಾಳಿಯ ಗಾತ್ರದಲ್ಲಿ ಶೇಕಡ 0.93ರಷ್ಟು ಆರ್ಗಾನ್ ಇದೆ. 1904ರಲ್ಲಿ ರ‍್ಯಾಲೆಗೆ ಭೌತವಿಜ್ಞಾನದಲ್ಲಿಯೂ ರ‍್ಯಾಮ್ಸೆಗೆ ರಸಾಯನವಿಜ್ಞಾನದಲ್ಲಿಯೂ ನೊಬೆಲ್ ಪಾರಿತೋಷಕಗಳು ದೊರೆತವು.

ಸರಾಸರಿಯು ಅಳತೆಗಳ ಕೇಂದ್ರ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಅವು ಅದರ ಸುತ್ತ ಎಷ್ಟು ಚೆದರಿವೆ ಎಂಬುದನ್ನು ಹರಹು ಹೇಳುತ್ತದೆ. ಎರಡು ಸರಾಸರಿಗಳ ಭೇದವು ನಿಜವೋ ಆಕಸ್ಮಿಕವೋ ಎಂದು ತೀರ್ಮಾನಿಸಲು ಎರಡೂ ಬೇಕು. ನನ್ನ ವಿದ್ಯಾರ್ಥಿ ಸರಾಸರಿಯನ್ನು ಕೆಡಿಸಿರಲಿಲ್ಲ, ನಿಜ. ಆದರೆ ಹರಹನ್ನು ಅಳಿಸಿಬಿಟ್ಟಿದ್ದನು. ತನ್ನ ಅಳತೆಯನ್ನು ಎಷ್ಟು ನಂಬಬಹುದೆಂಬ ಸಾಕ್ಷ್ಯ ಅದರೊಡನೆಯೇ ಅಳಿಸಿಹೋಗಿತ್ತು. ಆ ದಿನ ನಾನು ರುಜು ಹಾಕಲಿಲ್ಲ. ಅವನು ಲೋಲಕದ ಬಳಿಗೆ ಹಿಂದಿರುಗಿ, ಐದು ಬೆಲೆಗಳನ್ನು ಹೊಸದಾಗಿ, ಬಂದುದನ್ನು ಬಂದಂತೆಯೇ, ಶಾಯಿಯಿಂದ ಬರೆದು ತಂದನು. ಸರಾಸರಿಯ ಪಕ್ಕದಲ್ಲಿ ಮಾನಕ ವಿಚಲನೆಯೂ ಇತ್ತು.