ಕಿರೀಟವೋ ನವಿಲೋ

ದೀಪಾವಳಿಗೆ ಮನೆಮನೆಯಲ್ಲೂ ಆಕಾಶ ಕಂದೀಲು ತೂಗುವುದು ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಮಾಮೂಲು. ಆ ವರ್ಷ ಸೆಕ್ರೆಟರಿಯವರಿಗೆ ಬೇರೆಯೇ ಹುಕಿ ಬಂತು. ಧನತ್ರಯೋದಶಿಯಿಂದ ಭಾವುಬೀಜ್‌ವರೆಗೆ ರಸ್ತೆಯ ಕಡೆಗಿರುವ ಕಿಟಕಿಗಳಲ್ಲೆಲ್ಲ ಕಾಗದದ ಚಿತ್ರ, ಒಳಗಿನಿಂದ ಬೆಳಕು. 1999ರಲ್ಲಿ ಗುಡಿಪಾಡ್ವಾದ ಶೋಭಾಯಾತ್ರೆ ಶುರುಮಾಡಿದ ಊರಿದು; ನಾಲ್ಕು ಜನ ಸೇರಿ ಮಾಡುವ ಕೆಲಸಕ್ಕೆ ಇಲ್ಲಿ ಒಲ್ಲೆ ಎನ್ನುವವರು ಕಡಿಮೆ. ನಾನೂ ಹೆಸರು ಕೊಟ್ಟೆ.

ಸ್ವಲ್ಪ ಹಮ್ಮೂ ಇತ್ತು. ಉಡುಪಿ ಕಡೆಯವಳು. ಬಿದಿರು ಕಡ್ಡಿ ಕಟ್ಟಿ, ಹುಳ ಬೀಳದಿರಲೆಂದು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಗೂಡುದೀಪಕ್ಕೆ ಕಾಗದ ಹಚ್ಚುತ್ತ ಬೆಳೆದವಳು. ಮಂಗಳೂರಿನ ಕುದ್ರೋಳಿಯ ಗೂಡುದೀಪ ಸ್ಪರ್ಧೆಯಲ್ಲಿ ಬೇಳೆಕಾಳು ಪೋಣಿಸಿದ ಗೂಡುಗಳನ್ನು ಬಾಯಿಬಿಟ್ಟು ನೋಡಿದವಳು. ನಮ್ಮ ಕಿಟಕಿಗೆ ಯಕ್ಷಗಾನದ ಕಿರೀಟ, ಅದರ ಕೆಳಗೆ ಕನ್ನಡದಲ್ಲಿ ‘ದೀಪಾವಳಿ’ ಎಂದು ಎಲ್ಲರಿಗೂ ಹೇಳಿಬಿಟ್ಟೆ.

ಉರ್ಸೇಕರ್‌ವಾಡಿಯ ನೂಕುನುಗ್ಗಲಿನಲ್ಲಿ ಕಪ್ಪು ಚಾರ್ಟು, ಬಣ್ಣದ ಜಿಲೆಟಿನ್ ಕಾಗದ ತಂದಾಯಿತು. ಬ್ಲೇಡು ಹಿಡಿದ ಮೇಲೆ ಗೊತ್ತಾಯಿತು, ನಮ್ಮ ಅಕ್ಷರಗಳು ಎಷ್ಟು ದುಂಡಗಿವೆ ಎಂದು. ಗೆರೆ ಕೊರೆದರೆ ‘ವ’ದ ಹೊಟ್ಟೆಯೇ ಕಳಚಿ ನೆಲಕ್ಕೆ. ಒಳಗಿನ ತುಂಡು ನಿಲ್ಲಬೇಕಾದರೆ ಅಲ್ಲಲ್ಲಿ ಕಿರಿದಾದ ಕೊಂಡಿ ಬಿಟ್ಟು ಕೊರೆಯಬೇಕು. ಇದನ್ನು ಕಲಿಯುವಷ್ಟರಲ್ಲಿ ಎರಡು ಚಾರ್ಟು ಹಾಳಾಗಿದ್ದವು. ಮೂರನೆಯದನ್ನು ಗಾಜಿಗೆ ಅಂಟಿಸಿ, ಸೋಫಾದಲ್ಲಿ ಕೂತು ಓದಿ ಹಿಗ್ಗುತ್ತಿದ್ದೆ. ಕೆಳಗಿನಿಂದ ಮಗನ ಫೋನು: “ಅಮ್ಮಾ, ಇದು ಯಾವ ಭಾಷೆ?” ರಸ್ತೆಗೆ ಎಲ್ಲವೂ ತಿರುಗುಮುರುಗು. ಕಿತ್ತು, ಮಗುಚಿ, ಮತ್ತೆ ಅಂಟಿಸಿದೆ. ಆಮೇಲಿನ ಐದು ದಿನ ಮನೆಯೊಳಗೆ ನಾವು ಉಲ್ಟಾ ದೀಪಾವಳಿಯನ್ನೇ ಓದಿದೆವು.

ಬೆಳಕಿನದು ಇನ್ನೊಂದು ಪಾಡು. ಹಿಂದೆ ಒಂದೇ ಎಲ್‌ಇಡಿ ಬಲ್ಬು ಇಟ್ಟರೆ ನಡುವೆ ಕಣ್ಣು ಕುಕ್ಕುವ ಉಂಡೆ, ಸುತ್ತ ಕತ್ತಲು. ಜಿಲೆಟಿನ್ ಬೆಳಕನ್ನು ಬಿಡುತ್ತದೆಯೇ ಹೊರತು ಹರಡುವುದಿಲ್ಲ. ಅದರ ಹಿಂದೆ ಬಟರ್ ಪೇಪರ್ ಬೇಕು. ಬಲ್ಬಿನ ಬದಲು ಎರಡು ಬದಿಗೂ ಟ್ಯೂಬ್‌ಲೈಟು ನಿಲ್ಲಿಸಿದೆ, ಬಣ್ಣ ಎದ್ದಿತು. ಆದರೆ ಮೊದಲ ರಾತ್ರಿ ಹಿಂದೆ ಪರದೆ ಬಿಡುವುದನ್ನು ಮರೆತಿದ್ದೆ. ಕಿರೀಟದ ಹಿಂದೆ ಬನಿಯನ್ ತೊಟ್ಟ ನಮ್ಮ ಯಜಮಾನರು ಚಹಾ ಲೋಟ ಹಿಡಿದು ಆಚೀಚೆ ಓಡಾಡಿದ್ದನ್ನು ಇಡೀ ರಸ್ತೆ ನೋಡಿತಂತೆ. ಮರುದಿನ ಹಿಂದೊಂದು ಬಿಳಿ ಬೆಡ್‌ಶೀಟು ಕಟ್ಟಿದೆ. ಅವರ ಪ್ರವೇಶವೂ ನಿಂತಿತು, ಬೆಳಕು ಮರಳಿ ಗಾಜಿನತ್ತ ಬಿದ್ದು ಚಿತ್ರವೂ ಕಳೆಗಟ್ಟಿತು.

ಎದುರಿನ ಬಿಲ್ಡಿಂಗಿನ ಕಾಕೂ ತಮ್ಮ ಬಾಲ್ಕನಿಗೆ ಕರೆದರು. “ತುಮ್ಚಾ ಮೋರ್ ಖೂಪ್ ಛಾನ್!” ಮೋರ್? ಅಲ್ಲಿಂದ ನೋಡಿದೆ. ಹೌದು, ನವಿಲೇ. ಗಂಟೆಗಟ್ಟಲೆ ಕೊರೆದ ಕುಸುರಿಯನ್ನು ಬಾಕ್ಸ್ ಗ್ರಿಲ್ಲಿನ ಸರಳುಗಳು ನುಂಗಿ, ಬೀಸಣಿಗೆಯಂಥ ಹೊರಗೆರೆ ಮಾತ್ರ ಉಳಿದಿತ್ತು. ತೊಗಲು ಗೊಂಬೆಯವರು ಮುಖಗಳನ್ನು ಹೆಚ್ಚಾಗಿ ಪಕ್ಕದಿಂದಲೇ ಏಕೆ ಬಿಡಿಸುತ್ತಾರೆಂದು ಆಗ ಹೊಳೆಯಿತು. ಬೆಳಗಲ್ಲು ವೀರಣ್ಣನವರ ಗೊಂಬೆಗಳ ಮೂಗು, ಗದ್ದ ಎಷ್ಟು ದೂರಕ್ಕೂ ಕಾಣುತ್ತಿದ್ದವು! ನನ್ನದು ನೇರ ಮುಖದ ಕಿರೀಟ, ಕೆಳಗೆ ವೇಷಧಾರಿಯೇ ಇಲ್ಲ. ಯಕ್ಷಗಾನ ಎಂದರೇನೆಂದು ಕಾಕೂಗೆ ವಿವರಿಸಲು ಹೋಗಿ, ನನ್ನ ಮರಾಠಿ ಅರ್ಧದಲ್ಲೇ ಕೈಕೊಟ್ಟಿತು. “ಥ್ಯಾಂಕ್ಯೂ” ಎಂದು ಅವರ ಚಕ್ಕುಲಿ ತಿಂದು ಬಂದೆ.

ಮರುವರ್ಷ ದಸರಾ ಮುಗಿದ ವಾರವೇ ಕಾಕೂ ಲಿಫ್ಟಿನ ಹತ್ತಿರ ಹಿಡಿದರು: “ಯಂದಾ ಮೋರ್ ನಾಹೀ ಕಾ?” ಈ ವರ್ಷ ನವಿಲಿಲ್ಲವೇ ಎಂದು. ಪಕ್ಕಕ್ಕೆ ಮುಖಮಾಡಿದ ವೇಷಧಾರಿಯ ನಕ್ಷೆ ಆಗಲೇ ಊಟದ ಮೇಜಿನ ಮೇಲಿತ್ತು. “ಆಹೇ ನಾ, ಕಾಕೂ” ಎಂದೆ. ಮನೆಗೆ ಹೋಗಿ ಕಿರೀಟದ ತುದಿಗೆ ಒಂದು ದೊಡ್ಡ ಗರಿ ಸೇರಿಸಿದೆ.