ಐಷಾರಾಮಿ ಎಸ್‌ಯುವಿ ನಿರ್ವಹಣೆ: ಖರ್ಚು ತಗ್ಗಿಸುವ ಕಾನೂನಿನ ದಾರಿಗಳು

ಐಷಾರಾಮಿ ಎಸ್‌ಯುವಿಯ ನಿಜವಾದ ಖರ್ಚು ವಾರಂಟಿ ಮುಗಿದ ಮೇಲೆ ಶುರುವಾಗುತ್ತದೆ. ಏರ್ ಸಸ್ಪೆನ್ಷನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಲ್‌ಇಡಿ ಹೆಡ್‌ಲ್ಯಾಂಪ್‌ಗಳಲ್ಲಿ ಯಾವುದೇ ಒಂದು ಕೆಟ್ಟರೂ ಬಿಲ್ಲು ಲಕ್ಷದ ಲೆಕ್ಕಕ್ಕೆ ಹೋಗಬಹುದು. ಈ ಖರ್ಚಿನಲ್ಲಿ ಅನಿವಾರ್ಯವಾದದ್ದು ಯಾವುದು, ಮಾಲೀಕ ಕೊಡಬೇಕಾಗಿಯೇ ಇಲ್ಲದ್ದು ಯಾವುದು ಎಂಬುದು ಕಾನೂನು ತಿಳಿದಾಗ ಸ್ಪಷ್ಟವಾಗುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಸ್ಪರ್ಧಾ ಕಾಯ್ದೆ 2002, ಮೋಟಾರು ವಾಹನ ಕಾಯ್ದೆ 1988 ಮತ್ತು ಭಾರತೀಯ ಕರಾರು ಕಾಯ್ದೆ 1872 ಈ ವಿಷಯದಲ್ಲಿ ಮುಖ್ಯವಾದವು.

ವಾರಂಟಿ ಮತ್ತು ಹೊರಗಿನ ಗ್ಯಾರೇಜ್

"ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತದೆ" ಎಂಬುದು ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಇದು ಪೂರ್ತಿ ನಿಜವಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು ಬಿಎಂಡಬ್ಲ್ಯು, ಮರ್ಸಿಡಿಸ್-ಬೆಂಜ್, ಟೊಯೊಟಾ ಸೇರಿದಂತೆ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿರುವುದು, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಕೊಡದಿರುವುದು ಸ್ಪರ್ಧೆಗೆ ಮಾರಕ ಎಂಬುದು ಆಯೋಗದ ತೀರ್ಮಾನವಾಗಿತ್ತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಕೂಡದು, ಹೊರಗಿನ ತಪ್ಪು ಕೆಲಸದಿಂದ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. 2016ರಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಯು ಟೊಯೊಟಾ, ಫೋರ್ಡ್, ನಿಸಾನ್ ವಿಚಾರದಲ್ಲಿ ಉಲ್ಲಂಘನೆಯ ತೀರ್ಮಾನವನ್ನು ಎತ್ತಿಹಿಡಿದು, ದಂಡದ ಮೊತ್ತವನ್ನು ಇಳಿಸಿತು.

ಆದ್ದರಿಂದ ಟೈರು, ಬ್ಯಾಟರಿ, ವೈಪರ್, ಬ್ರೇಕ್ ಪ್ಯಾಡ್‌ನಂಥ ಸವೆಯುವ ವಸ್ತುಗಳನ್ನು ಹೊರಗೆ ಹಾಕಿಸಿದ್ದಕ್ಕೆ ಗೇರ್‌ಬಾಕ್ಸ್‌ನ ವಾರಂಟಿ ನಿರಾಕರಿಸಿದರೆ ಮಾಲೀಕ ಸುಮ್ಮನೆ ಒಪ್ಪಿಕೊಳ್ಳಬೇಕಿಲ್ಲ. ಆ ಕೆಲಸಕ್ಕೂ ಈ ದೋಷಕ್ಕೂ ಏನು ಸಂಬಂಧ ಎಂಬುದನ್ನು ಲಿಖಿತವಾಗಿ ಕೇಳಬೇಕು. ಇದರ ಜೊತೆಗೆ ಒಂದು ಎಚ್ಚರಿಕೆಯೂ ಬೇಕು: ಕೈಪಿಡಿಯಲ್ಲಿ ಹೇಳಿದ ಅವಧಿಗೆ, ಹೇಳಿದ ದರ್ಜೆಯ ಆಯಿಲ್‌ನಿಂದ ಸರ್ವಿಸ್ ಆಗಿದೆ ಎಂಬುದಕ್ಕೆ ಬಿಲ್ಲು ಇರಬೇಕು. ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಕೆಲಸವನ್ನು ವಾರಂಟಿ ಅವಧಿಯಲ್ಲಿ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸುವುದು ಕ್ಷೇಮ.

ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ಲು

ವಾಹನ ಒಪ್ಪಿಸುವಾಗ ಸಹಿ ಹಾಕುವ ಜಾಬ್ ಕಾರ್ಡ್ ಕಾನೂನಿನ ದೃಷ್ಟಿಯಲ್ಲಿ ಒಂದು ಕರಾರು. "ಎಸ್ಟಿಮೇಟ್ ಮೀರಿದ ಕೆಲಸಕ್ಕೆ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು, ಬದಲಿಸಿದ ಹಳೆಯ ಭಾಗಗಳನ್ನು ತೋರಿಸಬೇಕು" ಎಂದು ಅದರ ಮೇಲೆಯೇ ಬರೆಸಬೇಕು. ಇದಕ್ಕೆ ಕಾರಣವಿದೆ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದಕ್ಕೆ ಪ್ರತಿಫಲ ಕೊಡಬೇಕು ಎಂದು ಕರಾರು ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತದೆ. ಮೊದಲೇ ಲಿಖಿತವಾಗಿ ಬೇಡ ಎಂದಿದ್ದರೆ ಗ್ಯಾರೇಜಿನ ಈ ವಾದಕ್ಕೆ ಬಲವಿರುವುದಿಲ್ಲ.

ಬಿಲ್ಲನ್ನು ಸಾಲು ಸಾಲಾಗಿ ಓದಬೇಕು. ಎಂಜಿನ್ ಆಯಿಲ್ ಎಂದು ಇರುವ ಸಾಲಿನಲ್ಲಿ 8 ಲೀಟರ್ ಎಂದಿದ್ದು, ಕೈಪಿಡಿಯಲ್ಲಿ ಎಂಜಿನ್‌ನ ಸಾಮರ್ಥ್ಯ 6.5 ಲೀಟರ್ ಎಂದಿದ್ದರೆ ಉಳಿದ ಒಂದೂವರೆ ಲೀಟರಿನ ಲೆಕ್ಕ ಕೇಳುವ ಹಕ್ಕು ಮಾಲೀಕನಿಗಿದೆ. ಅದರ ಕೆಳಗೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ. ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್ ಎಂಬ ಸಾಲುಗಳಿರುತ್ತವೆ. ಕಂಪನಿಯ ಸರ್ವಿಸ್ ವೇಳಾಪಟ್ಟಿಯಲ್ಲಿ ಇಲ್ಲದ, ದೋಷವೂ ಕಾಣದ ಇಂಥ ಕೆಲಸವನ್ನು ಬೇಡ ಎನ್ನಬಹುದು. ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಒತ್ತಾಯ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(41)ರ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದು 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ತೆರಿಗೆಯ ಸಾಲನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮೊದಲು ಅನೇಕ ಭಾಗಗಳಿಗೆ ಶೇ 28 ಇತ್ತು.

ಬಿಡಿಭಾಗಗಳ ಬೆಲೆ

ಪ್ಯಾಕ್ ಆಗಿ ಮಾರಾಟವಾಗುವ ಬಿಡಿಭಾಗದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ ಇರಬೇಕು ಎಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಎಂಆರ್‌ಪಿ ಮೀರಿ ಬೆಲೆ ಪಡೆಯುವುದು ಅಪರಾಧ. ಇದರ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ. ಬಿಲ್ಲಿನಲ್ಲಿರುವ ಪಾರ್ಟ್ ನಂಬರ್ ಗುರುತು ಮಾಡಿಕೊಂಡರೆ ಅದೇ ಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬೆಲೆ ವಿಚಾರಿಸಬಹುದು. ಫಿಲ್ಟರ್, ಬ್ರೇಕ್, ಸಸ್ಪೆನ್ಷನ್ ಭಾಗಗಳನ್ನು ಕಾರು ಕಂಪನಿಗೆ ಪೂರೈಸುವ ತಯಾರಕರೇ ತಮ್ಮ ಹೆಸರಿನಲ್ಲಿಯೂ ಮಾರುವುದುಂಟು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲು ಪಡೆಯಬೇಕು. ನಕಲಿ ಭಾಗ ಎಂದು ಗೊತ್ತಾದಾಗ ಕೈಯಲ್ಲಿರುವ ಸಾಕ್ಷ್ಯ ಅದೊಂದೇ.

ಉಚಿತ ರಿಪೇರಿ: ರೀಕಾಲ್

ತಯಾರಿಕೆಯ ದೋಷದಿಂದ ಸುರಕ್ಷತೆಗೆ ಅಪಾಯವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವ ಹೊಣೆ ಕಂಪನಿಯದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಸೆಕ್ಷನ್ ಇದನ್ನು ಹೇಳುತ್ತದೆ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ರೀಕಾಲ್ ಕೆಲಸಕ್ಕೆ ಮಾಲೀಕ ಹಣ ಕೊಡಬೇಕಿಲ್ಲ. ದುಬಾರಿ ರಿಪೇರಿಗೆ ಒಪ್ಪುವ ಮುನ್ನ ಕಂಪನಿಯ ಜಾಲತಾಣದಲ್ಲಿ ಚಾಸಿಸ್ ನಂಬರ್ ಹಾಕಿ, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ನೋಡಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದು ಇನ್ನೂ ಮುಖ್ಯ. ಕಂಪನಿಯ ಸೂಚನೆ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರುತ್ತದೆ.

ವಿಮೆ

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಭಾಗಗಳ ಸವಕಳಿಯನ್ನು ಮಾಲೀಕನೇ ಭರಿಸಬೇಕು. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ 50, ಫೈಬರ್ ಗ್ಲಾಸ್‌ಗೆ ಶೇ 30 ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ 4ರಿಂದ 5 ವರ್ಷದ ವಾಹನದಲ್ಲಿ ಶೇ 35. ಪ್ಲಾಸ್ಟಿಕ್ ಬಂಪರ್‌ನ ಬೆಲೆ 80 ಸಾವಿರ ರೂಪಾಯಿ ಇದ್ದರೆ 40 ಸಾವಿರ ಮಾಲೀಕನ ಪಾಲಿಗೆ ಬರುತ್ತದೆ. ದುಬಾರಿ ಎಸ್‌ಯುವಿಗೆ ಜೀರೊ ಡೆಪ್ರಿಸಿಯೇಷನ್ ರಕ್ಷಣೆಯ ಹೆಚ್ಚುವರಿ ಪ್ರೀಮಿಯಂ ಬಹಳಷ್ಟು ಸಲ ಲಾಭದಾಯಕವೇ. ಮಳೆನೀರು ಎಂಜಿನ್‌ಗೆ ನುಗ್ಗಿದ ನಷ್ಟವನ್ನು ಎಂಜಿನ್ ಪ್ರೊಟೆಕ್ಷನ್ ಇಲ್ಲದ ಪಾಲಿಸಿಯಲ್ಲಿ ಸಾಮಾನ್ಯವಾಗಿ ನಿರಾಕರಿಸುತ್ತಾರೆ.

ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50ರವರೆಗೆ ನೋ ಕ್ಲೇಮ್ ಬೋನಸ್ ಸಿಗುತ್ತದೆ. ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮೊದಲು ಕಳೆದುಕೊಳ್ಳುವ ಬೋನಸ್ ಎಷ್ಟೆಂದು ಲೆಕ್ಕ ಹಾಕಬೇಕು. ಕ್ಲೇಮ್ ತಿರಸ್ಕೃತವಾದ ಬಗ್ಗೆ ವಿಮಾ ಕಂಪನಿಗೆ ಲಿಖಿತವಾಗಿ ಕೊಟ್ಟ ದೂರನ್ನೂ ತಳ್ಳಿಹಾಕಿದರೆ, ಅಥವಾ ಅದಕ್ಕೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ವೈಯಕ್ತಿಕ ಪಾಲಿಸಿದಾರರು ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ಮಿತಿ 50 ಲಕ್ಷ ರೂಪಾಯಿ.

ಗ್ಯಾರೇಜಿನಲ್ಲಿ ವಾಹನ ಇರುವಾಗ

ರಿಪೇರಿಗೆ ಬಿಟ್ಟ ವಾಹನವನ್ನು ತನ್ನದೇ ವಸ್ತುವಿನಂತೆ ಜೋಪಾನ ಮಾಡುವ ಹೊಣೆ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ ಗ್ಯಾರೇಜಿನದು. ಅಜಾಗರೂಕತೆಯಿಂದ ಹಾನಿಯಾದರೆ ಪರಿಹಾರ ಕೇಳಬಹುದು. ಮಾಡಿದ ಕೆಲಸದ ಕೂಲಿ ಬರುವವರೆಗೆ ವಾಹನ ಹಿಡಿದಿಟ್ಟುಕೊಳ್ಳುವ ಹಕ್ಕು 170ನೇ ಸೆಕ್ಷನ್‌ನಲ್ಲಿ ಗ್ಯಾರೇಜಿಗೂ ಇದೆ. ಹಾಗಾಗಿ ಬಿಲ್ಲಿನ ಬಗ್ಗೆ ತಕರಾರಿದ್ದರೆ "ಆಕ್ಷೇಪಣೆಗೆ ಒಳಪಟ್ಟು ಪಾವತಿ" ಎಂದು ಬಿಲ್ಲಿನ ಪ್ರತಿಯ ಮೇಲೆ ಬರೆದು ಹಣ ಕೊಟ್ಟು, ವಾಹನ ಬಿಡಿಸಿಕೊಂಡು, ಆಮೇಲೆ ದೂರು ಕೊಡುವುದು ಜಾಣತನ.

ದೂರಿನ ಕ್ರಮ

ಮೊದಲು ಸರ್ವಿಸ್ ಸೆಂಟರ್ ಮತ್ತು ಕಾರು ಕಂಪನಿ ಎರಡಕ್ಕೂ ಇ-ಮೇಲ್ ಕಳಿಸಬೇಕು. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗಕ್ಕೆ ದೂರು. ಕೊಟ್ಟ ಹಣದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಸರ್ವಿಸ್ ಬಿಲ್ಲಿನ ತಕರಾರು ಸಾಮಾನ್ಯವಾಗಿ ಜಿಲ್ಲಾ ಆಯೋಗಕ್ಕೇ ಬರುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. 70 ಲಕ್ಷ ಕೊಟ್ಟು ಕೊಂಡ ವಾಹನದ ತಯಾರಿಕಾ ದೋಷದ ದೂರಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು.

ದೂರುದಾರ ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತಯಾರಿಕಾ ದೋಷವನ್ನು ಬರೀ ಮಾತಿನಿಂದ ಸಾಬೀತು ಮಾಡುವುದು ಕಷ್ಟ. ತಜ್ಞರ ವರದಿ ಬೇಕಾಗುತ್ತದೆ. ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.

ಕಂಪನಿಯ ಹೆಸರಿನಲ್ಲಿ ಕೊಂಡ ವಾಹನಕ್ಕೂ ಈ ಹಕ್ಕು ಇರಬಹುದು. ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಐಷಾರಾಮಿ ಕಾರು ವಾಣಿಜ್ಯ ಉದ್ದೇಶದ್ದಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗದ ಮೆಟ್ಟಿಲೇರಬೇಕು. ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ಲು, ಇ-ಮೇಲ್‌ಗಳನ್ನು ವಾಹನ ಮಾರುವ ತನಕ ಒಂದೇ ಫೈಲಿನಲ್ಲಿ ಜೋಪಾನವಾಗಿಡಿ. ಮೇಲೆ ಹೇಳಿದ ಎಲ್ಲ ಹಕ್ಕುಗಳಿಗೂ ಆಧಾರ ಆ ಕಾಗದಗಳೇ.