ಕಾರಿನ ಡಿಕ್ಕಿಯಲ್ಲಿ ಏನಿರಬೇಕು, ಕಾನೂನು ಏನು ಹೇಳುತ್ತದೆ

ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಮೊದಲು ಕ್ಲೀನರ್ ಇಳಿಯುತ್ತಾನೆ. ಪಕ್ಕದ ಗಿಡದಿಂದ ಒಂದು ಟೊಂಗೆ ಮುರಿದು ತಂದು ಹಿಂಬದಿಗೆ ಸಿಕ್ಕಿಸುತ್ತಾನೆ, ನಾಲ್ಕಾರು ದಪ್ಪ ಕಲ್ಲು ಉರುಳಿಸಿ ಸಾಲಾಗಿ ಇಡುತ್ತಾನೆ. ಹಗಲಲ್ಲಿ ಅವು ಕಾಣುತ್ತವೆ. ರಾತ್ರಿ ಮಳೆಯಲ್ಲಿ, ಎದುರಿನಿಂದ ಹೈಬೀಮ್ ಕಣ್ಣಿಗೆ ಹೊಡೆಯುವಾಗ, ಬೈಕಿನವನಿಗೆ ಆ ಕಲ್ಲು ಗೊತ್ತಾಗುವುದು ಚಕ್ರ ಅದರ ಮೇಲೆ ಹತ್ತಿದಾಗ. ಲಾರಿ ರಿಪೇರಿಯಾಗಿ ಹೊರಟುಹೋದರೂ ಕಲ್ಲು ಅಲ್ಲೇ ಉಳಿದಿರುತ್ತದೆ. ಕಾರಿನವರೂ ಇದನ್ನೇ ಮಾಡುವುದನ್ನು ನೋಡುತ್ತೇವೆ. ಅವರ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲೇ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಕೆಂಪು ತ್ರಿಕೋನವೊಂದು ಬಿದ್ದಿರುತ್ತದೆ. ಅದು ಏಕಿದೆ ಎಂದು ಶೋರೂಮಿನಲ್ಲಿ ಯಾರೂ ಹೇಳಿರುವುದಿಲ್ಲ, ನಾವೂ ಕೇಳಿರುವುದಿಲ್ಲ.

ಕಾರಿನ ತುರ್ತು ಕಿಟ್ ಎಂದರೆ ದೂರದ ಪ್ರವಾಸಕ್ಕೆ ಹೊರಡುವವರ ಮುನ್ನೆಚ್ಚರಿಕೆ ಎಂದಷ್ಟೇ ತಿಳಿದವರು ಬಹಳ. ಆ ಕಿಟ್‌ನಲ್ಲಿ ಅರ್ಧದಷ್ಟು ಸಾಮಾನು ಕಾನೂನೇ ಹೇಳಿದ್ದು. ಉಳಿದದ್ದು, ಕಾನೂನು ನಮಗೆ ಕೊಟ್ಟಿರುವ ರಕ್ಷಣೆ ಕೈಗೆ ಸಿಗಬೇಕಾದರೆ ಬೇಕೇ ಬೇಕಾದದ್ದು.

ಹೊಸ ಕಾರು ತೆಗೆದುಕೊಳ್ಳುವಾಗ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 138ನೇ ನಿಯಮವನ್ನು ಕಾರು ಕೊಳ್ಳುವವರೆಲ್ಲ ತಿಳಿದಿರಬೇಕು. ಹೊಸ ಕಾರಿನ ಜೊತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಳಕು ಬಿದ್ದರೆ ಹೊಳೆಯುವ ಎಚ್ಚರಿಕೆಯ ತ್ರಿಕೋನ, ಸ್ಟೆಪ್ನಿ, ಅದನ್ನು ಬದಲಿಸಲು ಬೇಕಾದ ಜಾಕ್ ಮತ್ತು ಪಾನಾ ಕೊಡುವ ಹೊಣೆ ತಯಾರಕರದು. ಇವು ಉಚಿತ ಉಡುಗೊರೆಯಲ್ಲ, ನೀವು ಕೊಟ್ಟ ಬೆಲೆಗೆ ಸಂದ ವಸ್ತುಗಳು. ಬಿಲ್ಲಿನಲ್ಲಿ ಇವನ್ನೇ ಆಕ್ಸೆಸರಿ ಎಂದು ಬೇರೆಯಾಗಿ ಸೇರಿಸಿದ್ದರೆ ಕಾರಣ ಕೇಳಿ, ಬರವಣಿಗೆಯಲ್ಲಿ ಕೇಳಿ.

ಸ್ಟೆಪ್ನಿ ಕೊಡದ ಕಾರುಗಳೂ ಈಗ ಬರುತ್ತಿವೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಚಾಲಕನೂ ಸೇರಿ 9 ಆಸನದವರೆಗಿನ, ಮೂರೂವರೆ ಟನ್ ಮೀರದ ವಾಹನಗಳಿಗೆ ಒಂದು ವಿನಾಯಿತಿ ಕೊಟ್ಟಿತು. ಟೈರಿನ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಎರಡೂ ಇದ್ದರೆ ಸ್ಟೆಪ್ನಿ ಬೇಕಿಲ್ಲ. ಎರಡರಲ್ಲಿ ಒಂದಿಲ್ಲದಿದ್ದರೂ ವಿನಾಯಿತಿ ಇಲ್ಲ. ನನ್ನ ಮಟ್ಟಿಗೆ ನಮ್ಮ ರಸ್ತೆಗಳಿಗೆ ಈ ವಿನಾಯಿತಿ ಹೊಂದುವುದಿಲ್ಲ. ಮೊಳೆ ಚುಚ್ಚಿದ ತೂತನ್ನು ಕಿಟ್‌ನ ದ್ರಾವಣ ಮುಚ್ಚುತ್ತದೆ. ಹೊಂಡದ ಅಂಚಿಗೆ ಬಡಿದು ಟೈರಿನ ಪಕ್ಕೆ ಹರಿದರೆ ಅದರಿಂದ ಏನೂ ಆಗದು. ಅಂಥ ಕಾರು ಕೊಳ್ಳುವವರು ಸ್ಟೆಪ್ನಿಯನ್ನು ಹಣ ಕೊಟ್ಟಾದರೂ ಹಾಕಿಸಿಕೊಳ್ಳುವುದು ಒಳ್ಳೆಯದು.

ಡೆಲಿವರಿ ದಿನ ಹಾರ ಹಾಕಿ ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಡಿಕ್ಕಿ ನೋಡುವವರಿಲ್ಲ. ಸಹಿ ಹಾಕುವ ಮೊದಲೇ ಡಿಕ್ಕಿ ತೆರೆಸಿ, ತ್ರಿಕೋನ ಬಿಚ್ಚಿ ನಿಲ್ಲಿಸಿ ನೋಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುವ ಔಷಧಿಯ ದಿನಾಂಕ ಓದಿ. ಕೊಡಬೇಕಾದ್ದನ್ನು ಕೊಡದಿದ್ದರೆ ಅದು ಸೇವಾ ನ್ಯೂನತೆ. ಮೊದಲು ಡೀಲರ್‌ಗೂ ಕಂಪನಿಗೂ ಇಮೇಲ್ ಅಥವಾ ರಿಜಿಸ್ಟರ್ಡ್ ಪತ್ರ ಬರೆಯಿರಿ. ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ರಸ್ತೆಯಲ್ಲಿ ಕೆಟ್ಟು ನಿಂತಾಗ

ಇಡೀ ಕಿಟ್‌ನಲ್ಲಿ ಜೀವ ಉಳಿಸುವ ವಸ್ತು ಆ ತ್ರಿಕೋನ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಕಾರಿನ ಬಂಪರಿಗೆ ಒರಗಿಸಿಟ್ಟ ತ್ರಿಕೋನದಿಂದ ಆ ವಾಹನದ ಚಾಲಕನಿಗೆ ಸಿಗುವ ಸಮಯ ಏನೇನೂ ಅಲ್ಲ. ಆದ್ದರಿಂದ ಕಾರನ್ನು ಆದಷ್ಟು ಎಡಕ್ಕೆ ತಂದು, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಲೈಟ್ ಹಾಕಿ, ಒಳಗಿದ್ದವರನ್ನು ಎಡಗಡೆಯ ಬಾಗಿಲಿನಿಂದ ಇಳಿಸಿ ರಸ್ತೆಯಿಂದ ಹೊರಗೆ ನಿಲ್ಲಿಸಿ. ಆಮೇಲೆ ತ್ರಿಕೋನ ಹಿಡಿದು, ಬರುವ ವಾಹನಗಳಿಗೆ ಮುಖಮಾಡಿ, ರಸ್ತೆಯ ಅಂಚಿನಲ್ಲೇ ಹಿಂದಕ್ಕೆ ನಡೆಯಿರಿ. ಹೆದ್ದಾರಿಯಲ್ಲಿ 50 ಮೀಟರಿಗೆ ಕಡಿಮೆ ಬೇಡ, ಹೆಚ್ಚಾದರೆ ಒಳ್ಳೆಯದೇ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಮೀಟರ್ ಲೆಕ್ಕ ಸಾಲದು: ತಿರುವು ದಾಟಿ ನಿಂತಿದ್ದರೆ ತ್ರಿಕೋನ ತಿರುವಿಗೂ ಮೊದಲೇ ಕಾಣಬೇಕು. ಹೊಳೆಯುವ ಪಟ್ಟಿಯ ಜಾಕೆಟ್ ಒಂದು ಡಿಕ್ಕಿಯಲ್ಲಿದ್ದರೆ ಈ ನಡಿಗೆಗೆ ಅದನ್ನು ಹಾಕಿಕೊಳ್ಳಿ. ಹೊರಡುವಾಗ ತ್ರಿಕೋನ ಎತ್ತಿಕೊಳ್ಳಲು ಮರೆಯಬೇಡಿ. ಕಲ್ಲು ಇಟ್ಟಿದ್ದರೆ ಅದನ್ನೂ ತೆಗೆದು ಬದಿಗೆ ಹಾಕಿ.

ಕಾನೂನಿನ ಮಾತು ಬರುವುದು ಇಲ್ಲಿ. ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು ಎನ್ನುತ್ತದೆ. 201ನೇ ಕಲಮಿನಂತೆ, ಸಂಚಾರಕ್ಕೆ ಅಡ್ಡಿಯಾಗುವಂತೆ ನಿಲ್ಲಿಸಿದರೆ 500 ರೂಪಾಯಿವರೆಗೆ ದಂಡ, ಎಳೆದೊಯ್ದರೆ ಟೋಯಿಂಗ್ ಖರ್ಚು ಬೇರೆ. ಸಾರ್ವಜನಿಕ ರಸ್ತೆಯಲ್ಲಿ ತಡೆ ಅಥವಾ ಅಪಾಯ ಉಂಟುಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ಆದರೆ 2019ರ ತಿದ್ದುಪಡಿ 201ನೇ ಕಲಮಿಗೇ ನಾಗರಿಕರ ಪರವಾದ ಒಂದು ಮಾತು ಸೇರಿಸಿದೆ, ಬಹಳ ಮಂದಿಗೆ ಅದು ತಿಳಿದಿಲ್ಲ. ವಾಹನ ಅನಿರೀಕ್ಷಿತವಾಗಿ ಕೆಟ್ಟು, ಅದನ್ನು ಅಲ್ಲಿಂದ ತೆಗೆಸುವ ಕೆಲಸ ನಡೆಯುತ್ತಿದ್ದರೆ ಆ ದಂಡವಾಗಲಿ ಟೋಯಿಂಗ್ ಶುಲ್ಕವಾಗಲಿ ಅನ್ವಯಿಸುವುದಿಲ್ಲ. ತೆಗೆಸುವ ಕೆಲಸ ನಡೆಯುತ್ತಿದೆ ಎಂದು ನೀವು ತೋರಿಸಬೇಕು. ಮೆಕ್ಯಾನಿಕ್‌ಗೆ, ಟೋಯಿಂಗ್‌ನವರಿಗೆ ಮಾಡಿದ ಕರೆಯ ಸಮಯ ಮೊಬೈಲಿನಲ್ಲಿ ಇರುತ್ತದೆ. ತ್ರಿಕೋನ, ಹಜಾರ್ಡ್ ಲೈಟ್ ಎರಡೂ ಕಾಣುವಂತೆ ಒಂದು ಫೋಟೊ ತೆಗೆದಿಡಿ. ಪೊಲೀಸರು ಬಂದರೆ ಗೌರವದಿಂದಲೇ, ಕಲಮಿನ ಸಂಖ್ಯೆ ಹೇಳಿ ವಿವರಿಸಿ. ಕಾರನ್ನು ಬೀಗ ಹಾಕಿ ಬಿಟ್ಟುಹೋದರೆ ಮಾತು ಬೇರೆ. 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ವಾಹನವನ್ನು 127ನೇ ಕಲಮಿನಡಿ ಎಳೆಸಬಹುದು, ಸಂಚಾರಕ್ಕೆ ಅಪಾಯವಾಗುವಂತಿದ್ದರೆ ಕೂಡಲೇ ಎಳೆಸಬಹುದು, ಖರ್ಚು ಮಾಲೀಕರದು.

ದಂಡ ಸಣ್ಣ ವಿಷಯ. ಕೆಟ್ಟು ನಿಂತ ನಿಮ್ಮ ಕಾರಿಗೆ ರಾತ್ರಿ ಯಾರಾದರೂ ಬಂದು ಗುದ್ದಿದರೆ ತಪ್ಪು ಯಾರದೆಂಬ ಪ್ರಶ್ನೆ ಏಳುತ್ತದೆ. ರಸ್ತೆ ಮಧ್ಯೆ, ದೀಪವಿಲ್ಲದೆ, ಸೂಚನೆಯಿಲ್ಲದೆ ನಿಲ್ಲಿಸಿದ್ದ ಟ್ಯಾಂಕರ್‌ಗೆ ಕಾರು ಗುದ್ದಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಕಾರು ಓಡಿಸುತ್ತಿದ್ದವನ ತಪ್ಪಿಲ್ಲ ಎಂದೇ ತೀರ್ಮಾನಿಸಿತು. ನಿಂತ ವಾಹನದ ಕಡೆಯವರು ಏನು ಮಾಡಿದ್ದರು, ಏನು ಮಾಡಿರಲಿಲ್ಲ ಎಂಬುದನ್ನು ನ್ಯಾಯಾಲಯ ನೋಡಿಯೇ ನೋಡುತ್ತದೆ.

ಇನ್ಶೂರೆನ್ಸ್ ಪಾಲಿಸಿಯ ಸಣ್ಣಕ್ಷರವನ್ನೂ ಈಗ ಓದಿಕೊಳ್ಳಿ. ಸಾಮಾನ್ಯವಾಗಿ ಎಲ್ಲ ಖಾಸಗಿ ಕಾರು ಪಾಲಿಸಿಗಳಲ್ಲೂ ಒಂದು ಷರತ್ತಿದೆ: ಅಪಘಾತವಾದ ಅಥವಾ ಕೆಟ್ಟ ವಾಹನವನ್ನು ಸೂಕ್ತ ಎಚ್ಚರಿಕೆಯಿಲ್ಲದೆ ಬಿಟ್ಟುಹೋಗಬಾರದು, ರಿಪೇರಿಯಾಗುವ ಮೊದಲೇ ಓಡಿಸಿದರೆ ಮುಂದಾಗುವ ಹಾನಿ ಮಾಲೀಕರ ಹೊಣೆ. ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲಿ ನಿಂತ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಹಾಳು ಮಾಡಿಕೊಂಡವರಿಗೆ ಕ್ಲೇಮ್ ಕೊಡುವಾಗ ತಕರಾರು ಬರುವುದು ಇದರಿಂದಲೇ. ಹೀಗಾಗಿ ಟೋಯಿಂಗ್‌ಗೆ ಬೇಕಾದ ಹಗ್ಗ ಮತ್ತು ಕೊಕ್ಕೆ ಕಿಟ್‌ನಲ್ಲಿರಲಿ. ಅಪಘಾತವಾದ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚಿಗೆ ಸಾಮಾನ್ಯ ಪಾಲಿಸಿಯಲ್ಲಿ 1,500 ರೂಪಾಯಿವರೆಗೆ ಅವಕಾಶವಿರುತ್ತದೆ, ರಸೀದಿ ಇಟ್ಟುಕೊಳ್ಳಿ. ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಅಥವಾ ದೂರಿಗೆ ಒಂದು ತಿಂಗಳು ಉತ್ತರಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಅಪಘಾತವಾದರೆ

ನಿಮ್ಮ ವಾಹನದಿಂದ ಯಾರಿಗಾದರೂ ಪೆಟ್ಟಾದರೆ ಕಾಯ್ದೆಯ 134ನೇ ಕಲಮು ಚಾಲಕನ ಕರ್ತವ್ಯಗಳನ್ನು ಬಿಡಿಸಿ ಹೇಳಿದೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, ಹತ್ತಿರದ ವೈದ್ಯರಲ್ಲಿಗೋ ಆಸ್ಪತ್ರೆಗೋ ಸಾಗಿಸಬೇಕು. ಉದ್ರಿಕ್ತ ಗುಂಪಿನಿಂದಲೋ ಕೈಮೀರಿದ ಬೇರೆ ಕಾರಣದಿಂದಲೋ ಅದು ಸಾಧ್ಯವಾಗದಿದ್ದರೆ ಕಾನೂನು ಅದನ್ನು ಒಪ್ಪುತ್ತದೆ. ಆಗ ನೇರವಾಗಿ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಹೇಗೂ 24 ಗಂಟೆಯೊಳಗೆ ಠಾಣೆಗೆ ವರದಿ ಕೊಡಲೇಬೇಕು. ಕೊಡದಿದ್ದರೆ 187ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವೈದ್ಯರು ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡಬೇಕೆಂದೂ 134ನೇ ಕಲಮು ಹೇಳುತ್ತದೆ.

ಇದೇ ಕಲಮಿನಂತೆ ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು: ಪಾಲಿಸಿ ನಂಬರ್, ಅದರ ಅವಧಿ, ಅಪಘಾತದ ದಿನಾಂಕ, ಸಮಯ, ಸ್ಥಳ, ಗಾಯಗೊಂಡವರ ಅಥವಾ ಸತ್ತವರ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸ್ ವಿವರ. ಕೈ ನಡುಗುತ್ತಿರುವಾಗ ಇದು ಯಾವುದೂ ನೆನಪಿಗೆ ಬರುವುದಿಲ್ಲ, ಮೊಬೈಲಿನ ಚಾರ್ಜ್ ಮುಗಿದಿದ್ದರಂತೂ ಮುಗಿಯಿತು. ಅದಕ್ಕೇ ಪಾಲಿಸಿಯ ಜೆರಾಕ್ಸ್, ಒಂದು ಪೆನ್ನು, ಸಣ್ಣ ನೋಟ್‌ಬುಕ್, ಪವರ್ ಬ್ಯಾಂಕ್ ಗ್ಲೋವ್ ಬಾಕ್ಸಿನಲ್ಲಿರಲಿ. ಆರ್‌ಸಿ, ಲೈಸೆನ್ಸ್ ಮೂಲಪ್ರತಿಗಳನ್ನು ಕಾರಿನಲ್ಲೇ ಬಿಡಬೇಡಿ, ಕಾರು ಕಳುವಾದರೆ ಅವೂ ಹೋಗುತ್ತವೆ. ತಪಾಸಣೆಯಲ್ಲಿ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ ದಾಖಲೆಗೂ 139ನೇ ನಿಯಮದಂತೆ ಮಾನ್ಯತೆಯಿದೆ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನಮಗಿಂತ ಹೆಚ್ಚಾಗಿ ಬೇರೆಯವರಿಗೆ ಬೇಕಾಗುತ್ತದೆ. ಕಂಪನಿ ಕೊಟ್ಟ ಪೆಟ್ಟಿಗೆಯಷ್ಟಕ್ಕೇ ನಿಲ್ಲಬೇಡಿ: ಅಗಲವಾದ ಗಾಜ್ ಬಟ್ಟೆ, ರೋಲರ್ ಬ್ಯಾಂಡೇಜ್, ಕತ್ತರಿ, ಕೈಗವಸು, ತೆಳ್ಳನೆ ಹೊದಿಕೆ, ಕುಡಿಯುವ ನೀರು, ಟಾರ್ಚ್ ಸೇರಿಸಿ. ರಕ್ತ ಹರಿಯುವ ಜಾಗಕ್ಕೆ ಬಟ್ಟೆ ಒತ್ತಿ ಹಿಡಿಯುವುದನ್ನು ಯಾರು ಬೇಕಾದರೂ ಮಾಡಬಹುದು. ಪ್ರಜ್ಞೆ ಮಂಕಾದವರ ಬಾಯಿಗೆ ಮಾತ್ರ ನೀರು ಹಾಕಬಾರದು. ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಇಟ್ಟರೆ ಚಾಲಕನ ಕೈಗೆಟುಕುವಲ್ಲಿ ಬಿಗಿಯಾಗಿ ಕಟ್ಟಿಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಇಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ನೆರವಿಗೆ ನಿಂತರೆ ಪೊಲೀಸ್, ಕೋರ್ಟ್ ಎಂದು ಅಲೆಯಬೇಕಾಗುತ್ತದೆ ಎಂಬ ಭಯ ಇನ್ನೂ ಹೋಗಿಲ್ಲ. ಈ ಭಯದಿಂದ ಜನ ಸುತ್ತ ನಿಂತು ನೋಡುತ್ತಿರುವಾಗಲೇ ಪ್ರಾಣ ಹೋದ ಉದಾಹರಣೆಗಳನ್ನು ಓದಿ ಸಂಕಟಪಡದವರಿಲ್ಲ. ಆ ಭಯಕ್ಕೆ ಇವತ್ತಿನ ಕಾನೂನಿನಲ್ಲಿ ಆಧಾರವಿಲ್ಲ. ಕರ್ನಾಟಕ ನೆರವಿಗೆ ಬರುವವರ ರಕ್ಷಣೆಗೆಂದು ತನ್ನದೇ ಕಾಯ್ದೆ ಮಾಡಿದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಕೇಂದ್ರದ ಮಾರ್ಗಸೂಚಿಗೆ ಬಲ ತುಂಬಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು, 2020ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಇವುಗಳ ಪ್ರಕಾರ, ಸದುದ್ದೇಶದಿಂದ ನೆರವಾದವರ ಮೇಲೆ ಗಾಯಾಳುವಿಗೆ ಆದ ಹಾನಿಗಾಗಿ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದ ಮೇಲೆ ನೀವು ಹೊರಡಬಹುದು. ಹಣ ಕಟ್ಟಿ ಎಂದು ತಡೆಯುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಚ್ಛೆ. ಈ ಹಕ್ಕುಗಳ ಪಟ್ಟಿಯನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲೂ ಪ್ರವೇಶದ್ವಾರದ ಬಳಿ ಹಾಕಿರಬೇಕು. ನಿಮ್ಮೂರಿನ ಆಸ್ಪತ್ರೆಯಲ್ಲಿ ಅದು ಕನ್ನಡದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ.

ಚಿಕಿತ್ಸೆಯ ಖರ್ಚಿನ ಚಿಂತೆಗೂ ಒಂದು ದಾರಿಯಾಗಿದೆ. 2025ರ ಮೇ 5ರಂದು ಕೇಂದ್ರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯಲ್ಲಿ ಮುಂಗಡ ಕೇಳಿದರೆ ಈ ಯೋಜನೆಯ ಹೆಸರು ಹೇಳಿ. ಡಿಕ್ಕಿ ಹೊಡೆದ ವಾಹನ ಪರಾರಿಯಾಗಿ ಪತ್ತೆಯಾಗದಿದ್ದರೆ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಪರಿಹಾರ 161ನೇ ಕಲಮಿನಡಿ ಇದೆ. ವಾಹನ ಗೊತ್ತಿದ್ದರೆ ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ನ್ಯಾಯಮಂಡಳಿಗೆ 6 ತಿಂಗಳೊಳಗೆ ಹಾಕಿಬಿಡಿ, ತಡ ಮಾಡಬೇಡಿ.

ಕೊನೆಯದಾಗಿ, ಒಂದು ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ: ಪೊಲೀಸ್ ಸೇರಿ ಎಲ್ಲ ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕ್ರೇನ್ ಮತ್ತು ಆಂಬುಲೆನ್ಸ್ ನೆರವಿಗೆ 1033. ವಕೀಲರನ್ನು ಇಡಲು ಶಕ್ತಿಯಿಲ್ಲದವರು 15100ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.